ಮರೆ ಎಂಬ ಗುಂಡಿ

ಹಟ್ಟಿ ಕ್ಯಾಂಪಿನ ಎರಡನೇ ಸೈರನ್ ಕೂಗಿದ ಮ್ಯಾಲ
ನನ್ನ ಅಂಗಡಿಗೆ ಜನ ಬರೋದು.
ಮೂರು ಸಲ ಬಂದ ಮೌನೇಶ.
ಮೂರೂ ಸಲ ಕೌಂಟರಿನ ಗಾಜಿನ ಮ್ಯಾಲ
ಸ್ಮಾರ್ಟ್ ವಾಚು ಬಿಚ್ಚಿಟ್ಟು, ಪಕ್ಕಕ್ಕ ಫೋನಿಟ್ಟು,
ಜಗಳಾಡಿದ ಹುಡುಗರನ್ನ ಮಾಸ್ತರ ಮುಂದ ನಿಲ್ಲಿಸಿದಂಗ
ಸುಮ್ಮನ ನಿಂತ.
"ಒಂದಕ್ಕೊಂದು ಮಾತಾಡವಲ್ಲವು."

ಮೊದಲಿನ ಸಲ ಎರಡನ್ನೂ ಆರಿಸಿ ಹೊತ್ತಿಸಿದೆ.
ಯಂತ್ರದ ಅರ್ಧ ರೋಗ ಅಷ್ಟಕ್ಕೇ ಹೋಗ್ತಾವ.
ವಿಮಾನದ ಚಿತ್ರ ಒತ್ತಿ, ಹತ್ತು ಎಣಿಸಿ, ತೆಗೆದೆ.
ಬ್ಯಾಟರಿ ಉಳಿಸೋ ಜಿಪುಣತನ ಬಿಡಿಸಿದೆ,
ಲೊಕೇಶನ್ನಿಗೆ ಹೂಂ ಅಂದೆ,
ಬೆವರು ಕುಡಿದು ಹಸಿರಾಗಿದ್ದ ಬೆನ್ನಿನ ತಾಮ್ರದ ಚುಕ್ಕಿ
ಹಳೇ ಬ್ರಶ್ಶಿಲೆ ತಿಕ್ಕಿದೆ.
ನೀಲಿ ಗುರುತು ಕಣ್ಣು ಬಿಡ್ತು,
ವಾಚು ಅಂಗೈಯಾಗ ನಡುಗ್ತು. ಕೂಡಿದವು.
ಮೂವತ್ತು ರೂಪಾಯಿ.

ಎರಡನೇ ಸಲ,
ಈ ಸಾಧನ ಮರೆತುಬಿಡಲೇ? ಅಂತ ಕೇಳ್ತು ಫೋನು.
ಮರೆ ಅಂದೆ. ಮರೀತು.
ಎಷ್ಟು ಸಸಾರ ನೋಡ್ರಿ!
ಮತ್ತ ಹೊಸದಾಗಿ ಪರಿಚಯ ಮಾಡಿಸಿದೆ,
ಎರಡೂ ಕಡೆ ಆರು ಅಂಕಿ ಒಂದೇ ಅದಾವಂತ ತೋರಿಸಿ.
ನೆಂಟಸ್ತನ ಕುದುರಿಸಿದ ಹಿರೇಮನುಷಾನಂಗ
ದುಡ್ಡು ತಗೊಳ್ಳಲಿಲ್ಲ ಆವತ್ತು.

ಮೂರನೇ ಸಲ ಯಂತ್ರ ಮುಟ್ಟಲಿಲ್ಲ, ಮನುಷಾನ್ನ ಕೇಳಿದೆ:
"ಯಾವಾಗ ಕಡೀತದ?"

"ಫೋನು ಮ್ಯಾಲ ಲಾಕರಿನ್ಯಾಗ. ಕೇಜ್ ಹತ್ತಿ
ನಾ ಎರಡು ಸಾವಿರ ಅಡಿ ಕೆಳಗ.
ಅಲ್ಲಿ ಕಡೀತದ, ಕಡೀಲೇಬೇಕು.
ತಿರುಗಿ ಬಂದು ಲಾಕರ್ ತೆಗಿಯೋದ್ರಾಗ
ತಾನ ಹುಡುಕ್ಕೊಂಡು ಕೂಡ್ತದ, ಅದರ ತಕರಾರಿಲ್ಲ.
ಕೆಡೋದು ಮನ್ಯಾಗ.
ರಾತ್ರಿ ಮಲಗುವಾಗ ಸರಿ ಇರ್ತದ,
ಮುಂಜಾನಿ ನೋಡಿದ್ರ ಬ್ಲೂಟೂತ್ ತಾನ ಬಂದ್."

ಹದಿನಾಲ್ಕು ವರ್ಷದ ಕಸುಬಿನ್ಯಾಗ
ತಾನ ಬಂದ್ ಆದದ್ದು ಒಂದೂ ನೋಡಿಲ್ಲ ನಾ.
ಹೇಳಲಿಲ್ಲ.
"ನೋಡೂಣು" ಅಂದೆ.

ಮರುದಿನ ಅಂವ ಕೆಳಗ ಇಳಿದ ಹೊತ್ತಿನ್ಯಾಗ
ಸಾಬಮ್ಮ ಬಂದಳು, ಸೆರಗಿನ ಗಂಟು ಬಿಚ್ಚುತ್ತ.
ಹಳೇ ಫೋನು. ಗಾಜೆಲ್ಲ ಜೇಡರ ಬಲೆ.
"ಚಾರ್ಜ್ ಹತ್ತವಲ್ದು, ಲಗೂ ಮಾಡಿಕೊಡಪ್ಪ,
ರಾತ್ರಿಯೊಳಗ ಬೇಕು."
ಪಿನ್ನಿನ್ಯಾಗ ಜೋಳದ ಹಿಟ್ಟು; ಸೂಜೀಲೆ ಕೆದರಿದೆ.
ಹೊತ್ತಿಸಿ ನೋಡಿದ್ರ ಜೋಡಿಯ ಪಟ್ಟಿಯಾಗ ಒಂದೇ ಹೆಸರು,
ನನಗ ಬಾಯಿಪಾಠ ಆದ ಅದೇ ವಾಚು.

ನಾ ತಲಿ ಎತ್ತಿದೆ. ಆಕಿ ತಗ್ಗಿಸಲಿಲ್ಲ.

"ಎದಿ ಹೆಂಗದ ಅಂದ್ರ ಆರಾಮ ಅಂತಾನ.
ಕೆಮ್ಮು ಬಂದ್ರ ಅಂಗಳಕ್ಕ ಹೋಗಿ ಕೆಮ್ಮತಾನ,
ಬಾಗಲಾ ಹಾಕ್ಕೊಂಡು.
ಇದು ಸುಳ್ಳು ಹೇಳಂಗಿಲ್ಲ.
ಅಕ್ಷರ ಬರಲ್ಲ ನನಗ; ಅಂಕಿ ಬರ್ತಾವ,
ಸಂತ್ಯಾಗ ಮೆಣಸಿನಕಾಯಿ ತೂಗಿ ಕಲಿತೀನಿ.
ಅರವತ್ತೆರಡಿದ್ರ ನಾನೂ ಮಲಗ್ತೀನಿ.
ತೊಂಬತ್ತು ದಾಟಿದ್ರ ಎದ್ದು ನೀರು ಕಾಸ್ತೀನಿ,
ನನಗ ಬಾಯಾರ್ಯದ ಅಂತೀನಿ.
ಅವನೂ ಅರ್ಧ ಲೋಟ ಕುಡೀತಾನ."

ಆ ಫೋನಿನ್ಯಾಗೂ ಇತ್ತು, ಮರೆ ಎಂಬ ಗುಂಡಿ.
ನಮ್ಮ ಊರಾಗ ಗುಂಡಿ ಅಂದ್ರ
ಒತ್ತೋದೂ ಹೌದು, ಇಳಿಯೋದೂ ಹೌದು.
ನನ್ನ ಹೆಬ್ಬೆಟ್ಟು ಅದರ ಮ್ಯಾಲ ಜರಾ ಹೊತ್ತು
ನೊಣದಂಗ ಕುಂತು, ಎದ್ದು ಬಂತು.

ಆಕಿಗೆ ಒಂದೇ ಒಂದು ಪಾಠ ಹೇಳಿಕೊಟ್ಟೆ:
ನಸುಕಿನ ಸೈರನ್ನಿಗಿಂತ ಮೊದಲ ಎದ್ದು
ಇದನ್ನ ಆರಿಸು, ಅವನದರಾಗ ನೀಲಿ ಹೊತ್ತಿಸು.
ಕೌಂಟರಿನ ಮ್ಯಾಲ ಐದು ಸಲ ಮಾಡಿ ತೋರಿಸಿದಳು,
ಆರನೇದು ಕಣ್ಣು ಮುಚ್ಚಿ.

ಈಗ ಮೌನೇಶನ ವಾಚು ತಪ್ಪದ ಮಾತಾಡ್ತದ.
ಮೊನ್ನೆ ಪಾಳಿ ಮುಗಿಸಿ ಚಹಾ ಕೊಡಿಸಲಿಕ್ಕೆ ಬಂದಿದ್ದ.
"ನಿನ್ನ ಕೈಗುಣ ದೊಡ್ಡದು. ಖರೇ ಹೇಳು, ಏನಾಗಿತ್ತು?"
"ಧೂಳು" ಅಂದೆ, "ಒಳಗ ಧೂಳು ಕುಂತಿತ್ತು."

ಅಂವ ನಕ್ಕ. ನಗು ಕೆಮ್ಮಾತು.
ಲೋಟ ಕೆಳಗಿಟ್ಟು
ಅಂಗಡಿಯ ಹೊರಗ ಹೋಗಿ ನಿಂತ.